ಬಾಡಿಗೆದಾರರ ಸಂಘಕ್ಕೆ ಓನರ್ ದೀಪ ಹಚ್ಚಿದ್ದು

ಚಾಮರಾಜಪೇಟೆಯಲ್ಲಿ ನಾನು ಬಾಡಿಗೆಗಿರುವ ವಠಾರದಲ್ಲಿ ಆರು ಮನೆಗಳಿವೆ. ಐದು ಮನೆಗಳು ಅಂಗಳದ ಒಳಗೆ, ಒಂದರ ಗೋಡೆಗೆ ಒಂದು ಅಂಟಿಕೊಂಡಿವೆ. ಆರನೆಯದು ಮಾತ್ರ ರಸ್ತೆಗೆ ಮುಖ ಮಾಡಿದೆ. ಅದಕ್ಕೊಂದು ಜಗಲಿ, ಜಗಲಿಗೆ ಎರಡು ಮರದ ಕಂಬ. ಕಳೆದ ವರ್ಷದವರೆಗೆ ಆ ಮನೆಯಲ್ಲಿ ರವಿಕೆ ಹೊಲಿಯುವ ಹೆಂಗಸೊಬ್ಬರಿದ್ದರು. ಗಂಡ ತೀರಿಕೊಂಡ ಮೇಲೆ ಹದಿನಾಲ್ಕು ವರ್ಷ ಅಲ್ಲೇ ಹೊಲಿದು ಮಗಳನ್ನು ಓದಿಸಿ ಮದುವೆ ಮಾಡಿದ್ದರು. ಸುತ್ತಲಿನ ನಾಲ್ಕು ರಸ್ತೆಗಳ ಹೆಂಗಸರ ಅಳತೆ ಅವರ ಪುಸ್ತಕದಲ್ಲಿತ್ತು. ಎಲ್ಲರ ಬಾಯಲ್ಲೂ ಅವರು ಟೈಲರಮ್ಮ.

ನಾನು ಒಂದು ದಿನಪತ್ರಿಕೆಯ ಸುದ್ದಿಮೇಜಿನಲ್ಲಿ ಕೆಲಸ ಮಾಡುತ್ತೇನೆ. ಬೇರೆಯವರು ಬರೆದದ್ದನ್ನು ಅರ್ಧಕ್ಕೆ ಇಳಿಸುವುದು ನನ್ನ ಉದ್ಯೋಗ. ಮಧ್ಯಾಹ್ನ ಹೊರಟರೆ ಸಾಕು. ಹಾಗಾಗಿ ಬೆಳಗಿನ ಹೊತ್ತು ವಠಾರದಲ್ಲಿ ಏನು ನಡೆದರೂ ಅದಕ್ಕೆ ನಾನು ಸಾಕ್ಷಿ.

ಜ್ಯೇಷ್ಠ ಮಾಸದ ಮೊದಲ ಭಾನುವಾರ ಓನರ್ ಬಂದರು. ಪೇಟೆಯಲ್ಲಿ ಅವರದು ಪಾತ್ರೆ ಅಂಗಡಿ, ಮನೆ ಎರಡು ರಸ್ತೆ ಆಚೆ. ಮೆದು ಮಾತಿನ ಮನುಷ್ಯ. ಅವರು ದನಿ ಏರಿಸಿದ್ದನ್ನು ಕೇಳಿದವರಿಲ್ಲ.

‘ಅಮ್ಮಾ, ಈ ತಿಂಗಳು ಮುಗಿಯೋದ್ರೊಳಗೆ ಖಾಲಿ ಮಾಡ್ಬಿಡಿ. ಬೇಜಾರ್ ಮಾಡ್ಕೋಬೇಡಿ’ ಎಂದರು.

‘ಯಾಕ್ ಸಾರ್? ನಾನೇನ್ ತಪ್ಪು ಮಾಡ್ದೆ?’

‘ತಪ್ಪೆಲ್ಲಿ ಬಂತಮ್ಮಾ. ಕಾಫಿ ಅಂಗಡಿ ಹುಡುಗ್ರು ಕೇಳ್ತಿದಾರೆ. ಹಳೇ ಬೆಂಗಳೂರಿನ ವಾತಾವರಣ ಹಾಗೇ ಉಳಿಸ್ತೀವಿ ಅಂತಾರೆ. ನೋಡಿ.’

ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಜಗಲಿ, ಕಂಬ, ಹಿತ್ತಾಳೆ ಲೋಟ, ಹಳೆಯ ಹೊಲಿಗೆ ಯಂತ್ರದ ಕಬ್ಬಿಣದ ಕಾಲಿನ ಮೇಲೆ ಕೂರಿಸಿದ ಕಲ್ಲಿನ ಹಲಗೆ. ‘ನಿಮ್ಮಂಥದ್ದೇ ಮಷೀನು’ ಎಂದು ಹೆಮ್ಮೆಯಿಂದ ಹೇಳಿದರು.

‘ಇದ್ರ ಮೇಲೆ ಕಾಫಿ ಇಟ್ಕೊಂಡು ಪೆಡಲ್ ತುಳಿದ್ರೆ ಚೆಲ್ಲಲ್ವಾ ಸಾರ್?’ ಎಂದು ಟೈಲರಮ್ಮ ಕೇಳಿದರು. ಆಮೇಲೆ ತಮ್ಮ ಮಾತು ಹೇಳಿದರು. ‘ಶ್ರಾವಣ ಬರ್ತಾ ಇದೆ. ವರಮಹಾಲಕ್ಷ್ಮಿ, ಅದಾದ್ಮೇಲೆ ಗೌರಿ. ವರ್ಷದ ಹೊಲಿಗೇಲಿ ಅರ್ಧ ಆಗೋದು ಆವಾಗ್ಲೇ. ಈಗ ಜಾಗ ಬದಲಾಯ್ಸಿದ್ರೆ ಗಿರಾಕಿಗಳು ಯಾರೂ ಸಿಗಲ್ಲ. ಗೌರಿ ಹಬ್ಬ ಮುಗೀಲಿ, ನಾನೇ ಬೀಗದಕೈ ತಂದ್ಕೊಡ್ತೀನಿ.’

ಅವರು ಕೇಳಿದ್ದು ಇಷ್ಟೇ: ಗೌರಿ ಹಬ್ಬದವರೆಗೆ ಆ ಜಗಲಿ.

‘ನೋಡೋಣ’ ಎಂದರು ಓನರ್. ನಮ್ಮ ಕಡೆ ‘ಇಲ್ಲ’ ಎನ್ನುವುದನ್ನು ಹೀಗೆ ಹೇಳುತ್ತಾರೆ.

ಮರುದಿನ ಬೆಳಗ್ಗೆ ನೀರಿನ ಮೋಟರ್ ಹಾಕುವ ಹೊತ್ತಿಗೆ ಉಳಿದ ಮನೆಯವರೆಲ್ಲ ಅಂಗಳದಲ್ಲಿ ಸೇರಿದರು. ಇವತ್ತು ಜಗಲಿ, ನಾಳೆ ಅಂಗಳ ಎಂಬ ಭಯ ಎಲ್ಲರಿಗೂ ಇತ್ತು. ಸಂಘ ಕಟ್ಟಬೇಕು ಎಂದು ಹತ್ತು ನಿಮಿಷದಲ್ಲಿ ತೀರ್ಮಾನವಾಯಿತು. ಎರಡನೇ ಮನೆಯಲ್ಲಿದ್ದ ನಿವೃತ್ತ ಬ್ಯಾಂಕ್ ಅಧಿಕಾರಿಗಳನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಅವರಿಗೆ ಸಹಿ ಹಾಕುವ ಅಭ್ಯಾಸ ಚೆನ್ನಾಗಿತ್ತು ಎಂಬುದಷ್ಟೇ ಕಾರಣ. ಪತ್ರಿಕೆಯವನು ಪಕ್ಷ ವಹಿಸಬಾರದು ಎಂದು ನಾನು ಸದಸ್ಯನಾಗಲಿಲ್ಲ. ಕರಪತ್ರ ತಿದ್ದಿಕೊಡುತ್ತೇನೆ ಎಂದು ಮಾತ್ರ ಒಪ್ಪಿಕೊಂಡೆ.

ಹೆಸರು ಇಡುವುದಕ್ಕೆ ಮೂರು ಬೆಳಗು ಹಿಡಿಯಿತು. ‘ಬಾಡಿಗೆದಾರರ ಸಂಘ’ ಎಂದು ಟೈಲರಮ್ಮ ಹೇಳಿದ್ದು ಯಾರಿಗೂ ಹಿಡಿಸಲಿಲ್ಲ.

‘ಬಾಡಿಗೆದಾರರು ಅಂದ್ರೆ ಒಂಥರಾ ಇರತ್ತೆ. ನಾಳೆ ಮಗಳಿಗೆ ಗಂಡು ನೋಡೋಕೆ ಬಂದವರು ಬೋರ್ಡ್ ಓದ್ತಾರೆ’ ಎಂದರು ಐದನೇ ಮನೆಯಾಕೆ.

ಕೊನೆಗೆ ‘ನಿವಾಸಿಗಳ ಹಿತರಕ್ಷಣಾ ಮತ್ತು ಸಾಂಸ್ಕೃತಿಕ ವೇದಿಕೆ’ ಎಂದಾಯಿತು. ಸಾಂಸ್ಕೃತಿಕ ಏಕೆ ಎಂದು ನಾನು ಕೇಳಿದೆ. ರಾಜ್ಯೋತ್ಸವ ಮಾಡುವುದಾದರೆ ಇನ್ನೊಂದು ಸಂಘ ಕಟ್ಟುವ ಕಷ್ಟ ತಪ್ಪುತ್ತದೆ ಎಂದು ಅಧ್ಯಕ್ಷರು ವಿವರಿಸಿದರು. ನಾಲ್ಕನೆಯ ದಿನ ರಬ್ಬರ್ ಸೀಲು ಬಂತು. ಬೇಡಿಕೆಗಳು ಇನ್ನೂ ಬಂದಿರಲಿಲ್ಲ.

ಬೇರೆ ಬೀದಿಗಳ ಬಾಡಿಗೆದಾರರ ಸಹಿಯನ್ನೂ ಸಂಗ್ರಹಿಸಿ ಸರ್ಕಾರಕ್ಕೆ ಮನವಿ ಕೊಡಬೇಕು ಎಂದು ನಿರ್ಧಾರವಾಯಿತು. ಆ ಕೆಲಸವನ್ನು ಟೈಲರಮ್ಮನವರಿಗೇ ಬಿಟ್ಟರು. ಬೆಳಗ್ಗೆ ಒಂದು ಗಂಟೆ ಯಂತ್ರ ನಿಲ್ಲಿಸಿ ಅವರು ಹೊರಡುತ್ತಿದ್ದರು. ವೀಕ್ಷಕನಾಗಿ ನಾನೂ ಹೋಗುತ್ತಿದ್ದೆ.

ಪಕ್ಕದ ರಸ್ತೆಯಲ್ಲಿ ನಾವು ಮೊದಲು ಹೋದ ಮನೆಯಾಕೆ ಒಳಗೆ ಕರೆದು ಕಾಫಿ ಕೊಟ್ಟರು. ಛಾವಣಿ ಸೋರುವ ಜಾಗ ತೋರಿಸಿದರು. ‘ಎರಡು ವರ್ಷದಿಂದ ಹೇಳ್ತಾನೇ ಇದೀವಿ, ಕೇಳೋರೇ ಇಲ್ಲ’ ಎಂದರು. ಸಹಿಗೆ ಪೆನ್ನು ಕೊಟ್ಟೊಡನೆ, ‘ಅಯ್ಯೋ, ನಮ್ಮ ಓನರ್ ದೇವರಂಥವ್ರು! ಅವರನ್ನ ಒಂದ್ಮಾತು ಕೇಳಿ ಆಮೇಲೆ ಹಾಕ್ತೀನಿ’ ಎಂದರು.

ವಿಶ್ವೇಶ್ವರಪುರದಲ್ಲಿ ಗೇಟಿನ ಬಳಿ ನಿಂತಿದ್ದ ಒಬ್ಬರು ನಮ್ಮ ಕಾಗದವನ್ನು ಪೂರ್ತಿ ಓದಿ ಹಿಂದಿರುಗಿಸಿದರು.

‘ನಾವು ಬಾಡಿಗೆಗಿಲ್ಲಮ್ಮ. ಲೀಸ್‌ಗಿದೀವಿ.’

‘ಲೀಸಾದ್ರೂ ಮನೆ ನಿಮ್ದಲ್ವಲ್ಲ ಸಾರ್?’

‘ನಮ್ದಲ್ಲ. ಆದ್ರೆ ನಾವು ತಿಂಗಳು ತಿಂಗಳು ಕೈಯೊಡ್ಡೋರಲ್ಲ’ ಎಂದು ಬಾಗಿಲು ಹಾಕಿಕೊಂಡರು. ಒಟ್ಟಿಗೆ ದುಡ್ಡು ಕೊಟ್ಟು ಮೂರು ವರ್ಷ ಇರುವವರು ತಿಂಗಳ ಬಾಡಿಗೆಯವರಿಗಿಂತ ಮೇಲಿನವರು ಎಂಬ ತಿಳಿವಳಿಕೆ ಈ ಊರಿನಲ್ಲಿದೆ. ಇಬ್ಬರೂ ಒಂದೇ ಸಂಘದಲ್ಲಿ ಕೂರುವುದು ಕಷ್ಟ.

ರಸ್ತೆಗೆ ಬಂದ ಮೇಲೆ ಟೈಲರಮ್ಮ ನಕ್ಕರು. ‘ನೋಡಿ ಸಾರ್, ಅವರ ಮನೆಯೋರ ರವಿಕೆ ನಾನೇ ಹೊಲಿಯೋದು. ಹೊಲಿಗೆ ಕಾಸು ಮಾತ್ರ ತಿಂಗಳು ತಿಂಗಳು ಕಂತಲ್ಲಿ ಕೊಡ್ತಾರೆ.’

ಎರಡು ವಾರದಲ್ಲಿ ಹತ್ತೊಂಬತ್ತು ಸಹಿಗಳಾದವು. ಹನ್ನೊಂದು ಮಂದಿ ಹೆಸರಷ್ಟೇ ಬರೆದು ವಿಳಾಸ ಬರೆಯಲಿಲ್ಲ.

ಅಷ್ಟರಲ್ಲಿ ವಾರ್ಡಿನ ಟಿಕೆಟ್ ಆಕಾಂಕ್ಷಿಯೊಬ್ಬರು ಸುದ್ದಿ ತಿಳಿದು ಬಂದರು. ಚುನಾವಣೆ ಯಾವಾಗ ಎಂದು ಯಾರಿಗೂ ಗೊತ್ತಿರಲಿಲ್ಲ, ಆದರೂ ಅವರ ಫ್ಲೆಕ್ಸುಗಳು ಎಲ್ಲ ಹಬ್ಬಕ್ಕೂ ಶುಭ ಕೋರುತ್ತಿದ್ದವು. ‘ಬಡವರ ಪರ ಪ್ರಾಣ ಬೇಕಾದ್ರೂ ಕೊಡ್ತೀನಿ’ ಎಂದು ಶುರುಮಾಡಿ, ‘ಈ ಆರು ಮನೇಲಿ ನಮ್ಮ ವಾರ್ಡಿನ ವೋಟು ಎಷ್ಟಿದೆ?’ ಎಂದು ಕೇಳಿದರು. ಎಲ್ಲರೂ ಲೆಕ್ಕ ಹಾಕಿದರು. ಒಂದು ಮನೆಯವರ ವೋಟು ಮೈಸೂರಿನಲ್ಲಿ, ಎರಡು ಮನೆಯವರದು ಹಿಂದಿನ ಬಾಡಿಗೆ ಮನೆಯ ವಿಳಾಸದಲ್ಲಿ, ಅಧ್ಯಕ್ಷರ ಮನೆಯದು ತ್ಯಾಗರಾಜನಗರದಲ್ಲಿ, ನನ್ನ ಹೆಂಡತಿಯದು ಇನ್ನೂ ತವರಿನಲ್ಲಿ. ಇಲ್ಲಿ ಇದ್ದದ್ದು ಎರಡು: ಟೈಲರಮ್ಮನದು, ನನ್ನದು.

‘ಓನರ್ ಮನೇಲಿ ಹನ್ನೊಂದಿದೆ’ ಎಂದು ಹೇಳಿ ಅವರು ಬೈಕ್ ಹತ್ತಿದರು. ಪ್ರಾಣದ ಮಾತು ಮತ್ತೆ ಬರಲಿಲ್ಲ.

ಬೇಡಿಕೆ ಪಟ್ಟಿ ತಯಾರಿಸುವ ಸಭೆ ಅಧ್ಯಕ್ಷರ ಮನೆಯಲ್ಲಿ ನಡೆಯಿತು. ಟೈಲರಮ್ಮ ಮೊದಲ ಬೇಡಿಕೆ ಹೇಳಿದರು. ‘ಮನೆ ಬಿಡಿಸೋದಾದ್ರೆ ಎರಡು ತಿಂಗಳು ಮುಂಚೆ ಬರವಣಿಗೇಲಿ ಹೇಳ್ಬೇಕು. ಅಷ್ಟೇ ಸಾರ್ ನಾವು ಕೇಳೋದು.’

ನಾನು ಬರೆದುಕೊಂಡೆ. ಅಷ್ಟರಲ್ಲಿ ಅಧ್ಯಕ್ಷರ ಫೋನ್ ಬಂತು. ಅವರು ಎದ್ದು ಹೋಗಲಿಲ್ಲ, ಅಲ್ಲೇ ಮಾತಾಡಿದರು.

‘ಹಲೋ, ಹೇಳಿ... ಗೋಡೆಗೆ ಮೊಳೆ ಹೊಡೀಬೇಡಿ ಅಂತ ಹೇಳಿದ್ನಲ್ರೀ... ದೇವರ ಫೋಟೋ ಆದ್ರೂ ಅಷ್ಟೇ, ಕೆಳಗಿಟ್ಟು ಪೂಜೆ ಮಾಡಿ... ಆಗಲ್ಲ ಅಂದ್ರೆ ಒಂದನೇ ತಾರೀಕು ಖಾಲಿ ಮಾಡಿ, ಜನ ಕ್ಯೂ ನಿಂತಿದಾರೆ.’

ಅಧ್ಯಕ್ಷರಿಗೆ ತ್ಯಾಗರಾಜನಗರದಲ್ಲಿ ಸ್ವಂತ ಮನೆಯಿತ್ತು. ಅದನ್ನು ಬಾಡಿಗೆಗೆ ಕೊಟ್ಟು, ಅದರಲ್ಲಿ ಅರ್ಧ ಬಾಡಿಗೆಯ ನಮ್ಮ ವಠಾರದಲ್ಲಿ ಅವರು ಬಾಡಿಗೆಗಿದ್ದರು. ಮಾರುಕಟ್ಟೆ, ಡಾಕ್ಟರು, ಸಂಗೀತ ಕಛೇರಿ ಎಲ್ಲ ನಡೆದು ಹೋಗುವಷ್ಟು ಹತ್ತಿರ ಎಂಬುದು ಅವರ ಸಮಜಾಯಿಷಿ. ಅದು ನಿಜವೂ ಹೌದು.

‘ನಂಗೆ ಎರಡೂ ಕಡೆ ಕಷ್ಟ ಗೊತ್ತು. ಅದಕ್ಕೇ ನಾನು ಅಧ್ಯಕ್ಷ ಆಗಿರೋದು ಒಳ್ಳೇದು’ ಎಂದರು ಅವರು. ಆಮೇಲೆ ಬೇಡಿಕೆಗೆ ಕೈಹಚ್ಚಿದರು. ‘ಎರಡು ತಿಂಗಳು ಜಾಸ್ತಿ ಆಯ್ತು. ಒಂದು ತಿಂಗಳು ಅಂತ ಹಾಕೋಣ. ಬರವಣಿಗೆ ಅಂದ್ರೆ ಕೋರ್ಟು ಕಚೇರಿ ಥರ ಕೇಳ್ಸತ್ತೆ, ತೆಗೀರಿ. ಕೊನೇಲಿ “ಸಾಧ್ಯವಾದಲ್ಲಿ” ಅಂತ ಸೇರಿಸಿ.’

ನಾನು ಹಾಗೇ ಬರೆದೆ. ‘ಸಾಧ್ಯವಾದಲ್ಲಿ ಒಂದು ತಿಂಗಳು ಮುಂಚಿತವಾಗಿ ತಿಳಿಸುವಂತೆ ಮಾಲೀಕರನ್ನು ಪ್ರೀತಿಪೂರ್ವಕವಾಗಿ ಕೋರುವುದು.’ ಪ್ರೀತಿಪೂರ್ವಕವಾಗಿ ಎಂಬುದು ಖಜಾಂಚಿಯಾಗಿದ್ದ ಐದನೇ ಮನೆಯಾಕೆಯ ಕೊಡುಗೆ.

ಈಗ ಉದ್ಘಾಟನೆಯಾಗಬೇಕಿತ್ತು. ಉದ್ಘಾಟನೆಯಿಲ್ಲದೆ ಹೋರಾಟ ಹೇಗೆ ಶುರುವಾಗುತ್ತದೆ ಎಂದು ಯಾರಿಗೂ ತಿಳಿದಿರಲಿಲ್ಲ. ಜಾಗ ಇದ್ದದ್ದು ಅಂಗಳವೊಂದೇ. ಅಂಗಳ ಓನರ್‌ದು. ಶಾಮಿಯಾನ ಹಾಕಲು ಅಧ್ಯಕ್ಷರು ಅವರ ಅನುಮತಿ ಕೇಳಲು ಹೋದರು. ಅವರು ಸಂತೋಷವಾಗಿ ಒಪ್ಪಿ, ಅಂಗಡಿಯಿಂದ ಸ್ಟೀಲ್ ಲೋಟ ಕಳಿಸುತ್ತೇನೆ ಎಂದರು. ಇಷ್ಟು ಮಾಡಿದ ಮನುಷ್ಯನನ್ನು ಕರೆಯದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಆಹ್ವಾನ ಪತ್ರಿಕೆಯಲ್ಲಿ ಅವರ ಹೆಸರು ಸೇರಿತು. ಕರೆದ ಮೇಲೆ ಕೆಳಗೆ ಕೂರಿಸುವುದು ಹೇಗೆ ಎಂದು ಮುಖ್ಯ ಅತಿಥಿಯಾದರು. ಮುಖ್ಯ ಅತಿಥಿಗೆ ಶಾಲು, ಪೇಟ, ಹಣ್ಣಿನ ಬುಟ್ಟಿ ಇರಲೇಬೇಕಿತ್ತು.

‘ಸಾರ್, ನನ್ನ ಮನೆ ಬಿಡಿಸ್ತಿರೋರು ಅವರೇ ಅಲ್ವಾ?’ ಎಂದು ಟೈಲರಮ್ಮ ಕೇಳಿದರು.

‘ಅದೇ ನಮ್ಮ ತಂತ್ರ ಅಮ್ಮಾ. ಶಾಲು ಹೊದ್ದ ಮೇಲೆ ಹೇಗೆ ಬಿಡಿಸ್ತಾರೆ?’ ಎಂದರು ಅಧ್ಯಕ್ಷರು. ಪೇಟದ ಒಳಗಿನ ಬಟ್ಟೆ ಹರಿದಿತ್ತು. ಅದಕ್ಕೆ ಟೈಲರಮ್ಮನೇ ಹೊಲಿಗೆ ಹಾಕಿಕೊಟ್ಟರು.

ಜ್ಯೇಷ್ಠದ ಕೊನೆಯ ಭಾನುವಾರ ಓನರ್ ದೀಪ ಹಚ್ಚಿ ನಮ್ಮ ವೇದಿಕೆಯನ್ನು ಉದ್ಘಾಟಿಸಿದರು. ಭಾಷಣದಲ್ಲಿ ಅವರೆಂದರು: ‘ಈ ಭೂಮಿ ಮೇಲೆ ಯಾರು ಓನರು? ನಾನೂ ಬಾಡಿಗೆದಾರನೇ. ಭಗವಂತ ಖಾಲಿ ಮಾಡು ಅಂದ ದಿನ ಎಲ್ಲಾರೂ ಖಾಲಿ ಮಾಡೋದೇ.’ ಜೋರಾಗಿ ಚಪ್ಪಾಳೆ ಬಿತ್ತು. ಐದನೇ ಮನೆಯಾಕೆ ಕಣ್ಣೊರೆಸಿಕೊಂಡರು. ಭಗವಂತ ನೋಟಿಸ್ ಕೊಡುವ ಅವಧಿಯ ಬಗ್ಗೆ ಯಾರೂ ಪ್ರಶ್ನೆ ಕೇಳಲಿಲ್ಲ.

ಆಮೇಲೆ ಅವರು ಟೈಲರಮ್ಮನ ಕಡೆ ತಿರುಗಿದರು. ‘ಆಷಾಢದಲ್ಲಿ ಹೆಣ್ಣುಮಕ್ಕಳನ್ನ ಮನೆ ಬಿಡ್ಸೋದು ನಮ್ಮ ವಂಶದಲ್ಲೇ ಇಲ್ಲ. ಆಷಾಢ ಮುಗಿಯೋವರ್ಗೂ ಈ ತಾಯಿ ಇಲ್ಲೇ ಇರ್ಲಿ!’

ಅಧ್ಯಕ್ಷರು ಎದ್ದು ನಿಂತು, ಇದು ವೇದಿಕೆಯ ಮೊದಲ ವಿಜಯ ಎಂದು ಘೋಷಿಸಿದರು. ಹಿಂದಿನ ಸಾಲಿನಲ್ಲಿ ಕೇಸರಿಬಾತ್ ತಟ್ಟೆಗಳನ್ನು ಜೋಡಿಸುತ್ತಿದ್ದ ಟೈಲರಮ್ಮ ಬೆರಳಲ್ಲಿ ದಿನ ಎಣಿಸುತ್ತಿದ್ದರು. ಆಷಾಢ ಮುಗಿದ ಮರುದಿನ ಶ್ರಾವಣ. ವರಮಹಾಲಕ್ಷ್ಮಿಯ ರವಿಕೆಗಳೆಲ್ಲ ಅರ್ಧ ಕತ್ತರಿಸಿ ಗುಡ್ಡೆ ಬಿದ್ದಿರುವ ಹೊತ್ತಿಗೆ ಅವರು ಬೀದಿಗೆ ಬರಬೇಕಿತ್ತು. ಇನ್ನೊಂದು ಸಂಗತಿ ನನಗೆ ಆಮೇಲೆ ತಿಳಿಯಿತು. ಕಾಫಿ ಹುಡುಗರ ಮನೆಯವರು ಆಷಾಢದಲ್ಲಿ ಅಂಗಡಿ ಪೂಜೆ ಬೇಡವೆಂದು ಮೊದಲೇ ಹೇಳಿ, ಶ್ರಾವಣದ ಮೊದಲ ಶುಕ್ರವಾರ ಗೊತ್ತುಮಾಡಿದ್ದರು. ಓನರ್ ಕೊಟ್ಟದ್ದು ಯಾರಿಗೂ ಬೇಡವಾದ ಒಂದು ತಿಂಗಳು.

ಅಧ್ಯಕ್ಷರ ಒತ್ತಾಯಕ್ಕೆ ನಮ್ಮ ಪತ್ರಿಕೆಯ ನಗರ ಪುಟದಲ್ಲಿ ನಾಲ್ಕು ವಾಕ್ಯದ ಸುದ್ದಿ ಬಂತು. ನಾನೇ ಬರೆದು ನಾನೇ ಕತ್ತರಿಸಿದ್ದು. ‘ಬಾಡಿಗೆದಾರರಿಗೆ ಮಾಲೀಕರ ಅಭಯ’ ಎಂಬ ಶೀರ್ಷಿಕೆಯೂ ನನ್ನದೇ. ಯಾರು, ಏನು, ಎಲ್ಲಿ, ಯಾವಾಗ ಎಲ್ಲವೂ ಸರಿಯಿತ್ತು. ಏಕೆ ಎಂಬುದಕ್ಕೆ ಜಾಗ ಸಾಲಲಿಲ್ಲ.

ಮರುದಿನ ಬೆಳಗ್ಗೆ ಟೈಲರಮ್ಮ ಪತ್ರಿಕೆ ಹಿಡಿದು ಬಂದರು.

‘ಇದ್ರಲ್ಲಿ ನಾನೆಲ್ಲಿದೀನಿ ಸಾರ್?’

‘ಮೂರನೇ ವಾಕ್ಯ. “ಬಾಡಿಗೆದಾರರೊಬ್ಬರಿಗೆ” ಅಂತ ಇದೆಯಲ್ಲ.’

‘ಹೂಂ’ ಎಂದು ಅವರು ಇನ್ನೊಮ್ಮೆ ನೋಡಿದರು. ಆಮೇಲೆ ಗ್ಯಾಸ್ ಪುಸ್ತಕದ ಜೊತೆ ಇಟ್ಟಿದ್ದ ಪ್ಲಾಸ್ಟಿಕ್ ಕವರಿನಿಂದ ಬಾಡಿಗೆ ಕರಾರನ್ನು ತೆಗೆದರು. ‘ಯುಗಾದಿ ಆದ್ಮೇಲೆ ಹನ್ನೊಂದು ತಿಂಗಳಿಗೆ ಅಂತ ಇದಕ್ಕೆ ಸೈನ್ ಹಾಕಿಸ್ಕೊಂಡಿದಾರೆ. ಇಂಗ್ಲಿಷಲ್ಲಿದೆ. ಒಂದ್ಸಲ ಓದಿ ಹೇಳಿ.’

ಇಷ್ಟು ದಿನ ಇದನ್ನು ತೋರಿಸಿ ಎಂದು ಅವರನ್ನು ಕೇಳಿದವರು ಯಾರೂ ಇರಲಿಲ್ಲ. ನಾನೂ ಕೇಳಿರಲಿಲ್ಲ. ಓದಿದೆ. ಒಂಬತ್ತನೇ ಕಲಮಿನಲ್ಲಿ ಇದ್ದದ್ದು ಇಷ್ಟು: ಮನೆ ಬಿಡುವುದಾದರೂ ಬಿಡಿಸುವುದಾದರೂ ಎರಡು ತಿಂಗಳು ಮುಂಚಿತವಾಗಿ ಲಿಖಿತ ನೋಟಿಸ್ ಕೊಡತಕ್ಕದ್ದು. ಕೆಳಗೆ ಓನರ್ ಸಹಿ ಇತ್ತು. ಮನೆಗೆ ಹೋಗಿ ನನ್ನ ಕರಾರು ಹುಡುಕಿ ತೆಗೆದೆ. ಅದೇ ಟೈಪಿಸ್ಟು, ಅದೇ ಒಂಬತ್ತನೇ ಕಲಮು. ವಠಾರದ ಆರು ಮನೆಗಳಲ್ಲೂ ಅದೇ ಕಾಗದವಿತ್ತು. ಒಂದು ತಿಂಗಳು ಹೋರಾಡಿ, ಹತ್ತೊಂಬತ್ತು ಸಹಿ ಹಾಕಿಸಿ, ನಾವು ಸರ್ಕಾರದ ಮುಂದಿಡಲು ಹೊರಟದ್ದು ನಮ್ಮ ಕೈಯಲ್ಲಿದ್ದದ್ದರ ಅರ್ಧವನ್ನು. ಅದೂ ಸಾಧ್ಯವಾದಲ್ಲಿ.

ಅಧ್ಯಕ್ಷರಿಗೆ ತೋರಿಸಿದೆವು. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ‘ಇದು ಹೌದು. ಆದ್ರೆ ಈಗ ಅವರು ಇಷ್ಟು ದೊಡ್ಡ ಮನಸ್ಸು ಮಾಡಿರೋವಾಗ ಕಲಮು ಗಿಲಮು ಅಂತ ಹೋದ್ರೆ ಏನಂದ್ಕೋತಾರೆ?’ ಎಂದರು. ಸ್ವಲ್ಪ ಹೊತ್ತಿನ ಮೇಲೆ, ತ್ಯಾಗರಾಜನಗರದ ಕರಾರಿನಲ್ಲೂ ಇದೇ ಇರಬಹುದೇ ಎಂದು ನನ್ನನ್ನು ಮೆಲ್ಲಗೆ ಕೇಳಿದರು.

ಎರಡು ದಿನ ಬಿಟ್ಟು ಟೈಲರಮ್ಮ ಕೋರ್ಟಿನ ಆವರಣದಲ್ಲಿ ಉಚಿತವಾಗಿ ಕಾನೂನು ಸಲಹೆ ಕೊಡುವ ಕಡೆಗೆ ಹೋದರು. ನಾನೂ ಜೊತೆಗಿದ್ದೆ. ಅಲ್ಲಿದ್ದ ವಕೀಲೆ ಕಾಗದ ನೋಡಿ ಒಂದೇ ಪ್ರಶ್ನೆ ಕೇಳಿದರು.

‘ನೋಟಿಸ್ ಬರವಣಿಗೇಲಿ ಬಂದಿದ್ಯಾಮ್ಮಾ?’

‘ಇಲ್ಲ ಮೇಡಂ. ಬಂದು ಹೇಳಿ ಹೋದ್ರು.’

‘ಹಾಗಿದ್ರೆ ಇನ್ನೂ ಬಂದೇ ಇಲ್ಲ ಅಂತ ಲೆಕ್ಕ.’

ಲಿಖಿತ ನೋಟಿಸ್ ಕೊಟ್ಟು ಎರಡು ತಿಂಗಳಾಗುವವರೆಗೆ ಮನೆ ಬಿಡಬೇಕಾಗಿಲ್ಲ ಎಂದು ಓನರ್‌ಗೆ ಒಂದು ಪುಟದ ಕಾಗದ ಬರೆದುಕೊಟ್ಟರು. ಅದರಲ್ಲಿ ಪ್ರೀತಿಪೂರ್ವಕವಾದದ್ದು ಏನೂ ಇರಲಿಲ್ಲ. ಟೈಲರಮ್ಮ ಅದನ್ನು ಸ್ಪೀಡ್ ಪೋಸ್ಟ್ ಮಾಡಿ, ದಾರಿಯಲ್ಲಿ ನೂಲು ಕೊಂಡು, ಹನ್ನೊಂದು ಗಂಟೆಗೆ ಯಂತ್ರದ ಮುಂದೆ ಕೂತರು.

ಮೂರನೇ ದಿನ ಓನರ್ ಬಂದರು. ಆಗಲೂ ದನಿ ಏರಿಸಲಿಲ್ಲ. ಜಗಲಿಯ ಕಡೆ ನೋಡದೆ ನೇರವಾಗಿ ಅಧ್ಯಕ್ಷರ ಬಾಗಿಲಿಗೆ ಹೋದರು.

‘ಏನ್ರೀ ಇದು? ಶಾಲು ಹೊದಿಸಿ ಆಮೇಲೆ ಲಾಯರ್ ಲೆಟರ್ ಕಳಿಸ್ತೀರಾ? ಹಣ್ಣಿನ ಬುಟ್ಟಿ ಇನ್ನೂ ಮುಗ್ದಿಲ್ಲ ಮನೇಲಿ!’

ಅಧ್ಯಕ್ಷರು ಅಂದು ಸಂಜೆಯೇ ತುರ್ತು ಸಭೆ ಕರೆದರು. ಟೈಲರಮ್ಮನನ್ನು ಕರೆಯಲಿಲ್ಲ. ವೇದಿಕೆಯ ಸೀಲಿಲ್ಲದೆ ವೈಯಕ್ತಿಕವಾಗಿ ಪತ್ರ ವ್ಯವಹಾರ ಮಾಡಿದ್ದು ಸಂಘಟನೆಯ ಶಿಸ್ತಿಗೆ ವಿರುದ್ಧವೆಂದೂ, ಮಾನ್ಯ ಮಾಲೀಕರಿಗಾದ ಮನನೋವಿಗೆ ವೇದಿಕೆ ವಿಷಾದಿಸುತ್ತದೆಂದೂ ನಿರ್ಣಯವಾಯಿತು. ಕರಡನ್ನು ನನಗೆ ಕಳಿಸಿದರು. ನಾನು ಎರಡು ಕಾಗುಣಿತ ತಪ್ಪು ತಿದ್ದಿ ಹಿಂದಿರುಗಿಸಿದೆ. ಇದನ್ನು ಬರೆಯದೆ ಬಿಡಬಹುದಿತ್ತು, ಆದರೆ ನಡೆದದ್ದು ಹೀಗೆ.

ನಿರ್ಣಯದ ಪ್ರತಿಯನ್ನು ಟೈಲರಮ್ಮನಿಗೂ ಕೊಟ್ಟರು. ಅವರು ನನ್ನಿಂದಲೇ ಓದಿಸಿದರು.

‘ಇದ್ರಿಂದ ನನ್ನ ಎರಡು ತಿಂಗಳು ಕಮ್ಮಿ ಆಗತ್ತಾ?’

‘ಇಲ್ಲ.’

‘ಸರಿ ಬಿಡಿ’ ಎಂದು ಕಾಗದವನ್ನು ಮಡಿಸಿ, ಬಟ್ಟೆಯ ಮೇಲೆ ಗುರುತು ಹಾಕುವ ಸೀಮೆಸುಣ್ಣದ ಡಬ್ಬಿಗೆ ಅಡಿಯಲ್ಲಿ ಹಾಸಿದರು.

ಆಷಾಢದ ಕೊನೆಯ ವಾರ ಓನರ್ ಕಡೆಯಿಂದ ಲಿಖಿತ ನೋಟಿಸ್ ಬಂತು. ಎರಡು ತಿಂಗಳು. ಕಾಫಿ ಹುಡುಗರು ಕಾಯಲಿಲ್ಲ, ಅವರಿಗೆ ಬಸವನಗುಡಿಯಲ್ಲಿ ಇನ್ನೊಂದು ಜಗಲಿ ಸಿಕ್ಕಿತು. ಇನ್ನು ಮನೆ ಬಿಡಿಸುವ ಅಗತ್ಯ ಓನರ್‌ಗೆ ಇರಲಿಲ್ಲ. ಆದರೆ ಕೊಟ್ಟ ನೋಟಿಸನ್ನು ಅವರು ವಾಪಸು ಪಡೆಯಲಿಲ್ಲ, ಟೈಲರಮ್ಮ ಕೇಳಲೂ ಇಲ್ಲ. ವರಮಹಾಲಕ್ಷ್ಮಿಗೆ ಹೊಲಿದರು, ಗೌರಿಗೆ ಹೊಲಿದರು. ಓನರ್ ಹೆಂಡತಿ ಎಂದಿನಂತೆ ನಾಲ್ಕು ರವಿಕೆ ಕಳಿಸಿದ್ದರು. ಅವನ್ನೂ ಹೊಲಿದು, ಕೊಕ್ಕೆ ಹಾಕಿ, ಹಬ್ಬದ ಹಿಂದಿನ ದಿನ ತಲುಪಿಸಿದರು.

ಗಡುವು ಮುಗಿಯುವ ಹೊತ್ತಿಗೆ ಪಿತೃಪಕ್ಷ. ಅಮಾವಾಸ್ಯೆ ಕಳೆಯಲಿ, ಈ ಹದಿನೈದು ದಿನ ಯಾರೂ ಮನೆ ಬದಲಾಯಿಸುವುದಿಲ್ಲ ಎಂದು ಅಧ್ಯಕ್ಷರ ಹೆಂಡತಿ ಬಂದು ಹೇಳಿದರು.

‘ಯಾರೂ ಬದಲಾಯ್ಸಲ್ಲ ಅಂತ್ಲೇ ಅಮ್ಮಾ ಗಾಡಿ ಸುಲಭವಾಗಿ ಸಿಗ್ತಿದೆ’ ಎಂದರು ಟೈಲರಮ್ಮ. ಒಂದು ಬುಧವಾರ ಬೆಳಗ್ಗೆ ಬಿನ್ನಿಪೇಟೆಗೆ ಹೊರಟರು. ಅಲ್ಲಿ ಜಗಲಿಯಿಲ್ಲ. ಮೊದಲ ಮಹಡಿ, ಕಿಟಕಿಯ ಪಕ್ಕ ಯಂತ್ರ.

ವೇದಿಕೆ ರಾಜ್ಯೋತ್ಸವವನ್ನು ಚೆನ್ನಾಗಿ ಆಚರಿಸಿತು.

ಡಿಸೆಂಬರಿನಲ್ಲಿ ಹೆಂಡತಿಯ ರವಿಕೆ ತರಲು ನಾನು ಬಿನ್ನಿಪೇಟೆಗೆ ಹೋಗಿದ್ದೆ. ಹಳೆಯ ಗಿರಾಕಿಗಳಲ್ಲಿ ಅರ್ಧದಷ್ಟು ಜನ ಅಲ್ಲಿಗೂ ಬರುತ್ತಾರೆ ಎಂದರು. ನಾನು ಕೂತಿದ್ದಾಗ ಕೆಳಗಿನ ಮನೆಯ ಹುಡುಗಿಯೊಬ್ಬಳು ಬಂದಳು. ಹೊಸದಾಗಿ ಮದುವೆಯಾದವಳು. ಒಂದು ಕೈಯಲ್ಲಿ ರವಿಕೆ ಬಟ್ಟೆ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಕವರು.

‘ಅಕ್ಕಾ, ಓನರ್ ಬಂದು ಮುಂದಿನ ತಿಂಗಳು ಬಿಡಿ ಅಂದ್ರು. ನೀವು ನೋಡಿ ಹೇಳ್ತೀರ ಅಂತ ಪಕ್ಕದ್ಮನೆಯೋರು ಅಂದ್ರು.’

ಟೈಲರಮ್ಮ ಟೇಪನ್ನು ಕುತ್ತಿಗೆಯಿಂದ ತೆಗೆದರು. ‘ಬರವಣಿಗೇಲಿ ಕೊಟ್ರಾ?’

‘ಇಲ್ಲ, ಬಾಯಲ್ಲಿ.’

‘ಸಾರ್ ಓದ್ತಾರೆ, ಕವರ್ ಅವರಿಗೆ ಕೊಡು. ನೀನು ಕೈ ಎತ್ತು, ಅಳತೆ ತಗೋತೀನಿ. ಸಾರ್, ಶುರುವಿಂದ ಓದಿ. ಇವರದ್ರಲ್ಲಿ ಎಷ್ಟನೇ ಕಲಮೋ ಗೊತ್ತಿಲ್ಲ.’